ಕಪ್ಪಿನ ಕಿವಿ

ಬೆಳಿಗ್ಗೆ ಸೊಸೆ ಸೋನಲ ತಂದಿಟ್ಟುಹೋದ ಚಹಾ ತವನಪ್ಪನ ಮುಂದೆ ಕೆನೆಗಟ್ಟುತ್ತಾ ಕೂತಿತ್ತು. ಅವನು ಕುಡಿಯುವುದು ಬಿಟ್ಟು ಕಪ್ಪಿನ ಕಿವಿಯನ್ನು ನೋಡುತ್ತಿದ್ದ. ಪುಸ್ತಕದವರು ಹಿಡಿಕೆ ಎಂದು ಬರೆಯುವ ಆ ಡೊಂಕಿಗೆ ಸಾಂಗಲಿ, ಮಿರಜದ ಕಡೆ ಕಿವಿ ಎಂದೇ ಹೆಸರು. ಅರಿಸಿನದ ಅಡತಿ ಅಂಗಡಿಯನ್ನು ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತ ಮೇಲೆ ತವನಪ್ಪನಿಗೆ ಯೋಚಿಸಲು ಪುರಸೊತ್ತು ಬೇಕಾದಷ್ಟಿತ್ತು, ನಿಜ. ಆದರೆ ಮನುಷ್ಯನಾದವನಿಗೆ ಯೋಚಿಸಲು ಮೋಕ್ಷವಿದೆ, ಮೊಮ್ಮಗಳ ಮದುವೆಯಿದೆ, ಮೊಣಕಾಲಿನ ನೋವಿದೆ. ಕಪ್ಪಿನ ಕಿವಿಯ ಬಗ್ಗೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ಅವನು ಕೆಡಿಸಿಕೊಂಡಿದ್ದ. ದೀಪಾವಳಿಯಿಂದ ಈಚೆಗೆ ಅವನ ತಲೆಯಲ್ಲಿ ಬೇರೇನೂ ಹೊಕ್ಕಿರಲಿಲ್ಲ. ಇವತ್ತು ಒಂದು ಜ್ವರವಾದರೂ ಬರಬಾರದೇ ಎಂದು ಹಣೆ ಮುಟ್ಟಿ ನೋಡಿಕೊಂಡ. ಹಣೆ ತಣ್ಣಗಿತ್ತು. ಬಿ.ಪಿ. ನೋಡುವ ಯಂತ್ರವನ್ನು ತೋಳಿಗೆ ಸುತ್ತಿಕೊಂಡ. ಅದು ಕಾಲೇಜು ಹುಡುಗನ ಅಂಕಿ ತೋರಿಸಿತು. ಬೇಡವೆಂದ ದಿನ ಆರೋಗ್ಯವೂ ಹೀಗೇ ಬೆನ್ನು ಹತ್ತುತ್ತದೆ.

ಇವತ್ತು ಪಾಟರಿಯ ಉತ್ಸವ. ಸಾಂಗಲಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ ಆಲದ ಗಿಡವೊಂದನ್ನು ನೆತ್ತಿಯ ಮೇಲೆ ಬೆಳೆಸಿಕೊಂಡ ಚಿಮಣಿ ಇದೆಯಲ್ಲ, ಅದರ ಕೆಳಗಿನ ಹಾಳು ಕಾರಖಾನೆಯನ್ನು ಊರವರು ಇವತ್ತಿಗೂ ಪಾಟರಿ ಎಂದೇ ಕರೆಯುತ್ತಾರೆ. ಉಪ್ಪಿನಕಾಯಿಯ ಬರಣಿ, ಕರೆಂಟಿನ ಕಂಬದ ಮೇಲಿನ ಬಿಳಿ ಬಟ್ಟಲು, ಇವೇ ಅಲ್ಲಿ ಹೆಚ್ಚು ಆಗುತ್ತಿದ್ದವು. ಕೆಲವೇ ವರ್ಷ ಚಹಾದ ಕಪ್ಪು-ಬಸಿಯೂ ಆಗಿದ್ದವು. ಬಾಗಿಲು ಹಾಕಿ ಒಂದು ತಲೆಮಾರು ಕಳೆಯಿತು. ಬರಣಿಗಳು ಮನೆಮನೆಯ ಅಟ್ಟದ ಮೇಲೆ ಇನ್ನೂ ಇವೆ. ಕಪ್ಪುಗಳು ಮಾತ್ರ, ಕಪ್ಪುಗಳ ಜಾತಕದಲ್ಲಿ ಇರುವಂತೆ, ಒಡೆದುಹೋದವು. ಬಡೋದೆಗೆ ಹೋಗಿ ಮಣ್ಣಿನ ಕೆಲಸ ಕಲಿತು ಬಂದ ತವನಪ್ಪನ ಮೊಮ್ಮಗಳು ಮೃಣಾಲ ಆ ಹಾಳಿನಲ್ಲಿ ಒಂದು ಶೆಡ್ಡು ಹಿಡಿದು, ಒಂದು ಸಮಿತಿ ಕಟ್ಟಿ, ತವನಪ್ಪನ ಗೆಳೆಯ ಕಿರಾಣಿ ವ್ಯಾಪಾರಿ ಗುರುಪಾದನನ್ನು ಅದಕ್ಕೆ ಅಧ್ಯಕ್ಷನನ್ನಾಗಿ ಮಾಡಿ, ಪಾಟರಿಯ ನೆನಪಿಗೆ ನೂರು ಕಪ್ಪುಗಳನ್ನು ಕೈಯಿಂದಲೇ ಮಾಡಿದ್ದಳು. ಊರ ಗಣ್ಯರೂ ಹಳೆಯ ಕಾಮಗಾರರೂ ಇವತ್ತು ಅವುಗಳಲ್ಲಿ ಕೂಡಿ ಚಹಾ ಕುಡಿಯಬೇಕು. ಎಷ್ಟು ಚೆಂದದ ವಿಚಾರ ಎಂದು ಎಲ್ಲರೂ ಹೊಗಳಿದ್ದರು. ತವನಪ್ಪನೂ ಹೊಗಳಿದ್ದ. ಆದರೆ ಆ ನೂರು ಕಪ್ಪುಗಳಲ್ಲಿ ಒಂದಕ್ಕೂ ಕಿವಿ ಇರಲಿಲ್ಲ, ಮತ್ತು ಅದು ಯಾಕೆ ಇರಲಿಲ್ಲ ಎಂಬುದು ಇಡೀ ಸಾಂಗಲಿ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಮಹಾಪೂರ ಇಳಿದ ಮೇಲೆ ಕಸಬೆ ಡಿಗ್ರಜದ ಅವರ ಹಳೆಯ ಮನೆಯ ಗೋಡೆಗಳು ಒಂದೊಂದಾಗಿ ಕೂತುಬಿಟ್ಟಿದ್ದವು. ದನದ ಕೊಟ್ಟಿಗೆಯ ಕಲ್ಲಿನ ಗೋಡೆ ಮಾತ್ರ ನಿಂತಿತ್ತು. ದೀಪಾವಳಿಯ ಹೊತ್ತಿಗೆ ಹಳೆಯ ವಸ್ತು ಹುಡುಕುತ್ತಾ ಹೋದ ಮೃಣಾಲಳಿಗೆ ಆ ಗೋಡೆಯ ಗೂಡಿನಲ್ಲಿ, ಹೊಳೆ ಬಿಟ್ಟುಹೋದ ಗೋಡು ಮಣ್ಣಿನೊಳಗೆ ಬೋರಲಾಗಿ, ಒಂದು ಕಪ್ಪು ಸಿಕ್ಕಿತು. ತೊಳೆದರೆ ತಳದಲ್ಲಿ ಪಾಟರಿಯ ಮುದ್ರೆ. ಮನೆಯೊಳಗೆ ಬಂದ ಕಪ್ಪುಗಳೆಲ್ಲ ಒಡೆದು, ಮನೆಯೊಳಗೆ ಎಂದೂ ಬಾರದ ಕಪ್ಪೊಂದೇ ಉಳಿದಿತ್ತು. ಅವಳು ಅದನ್ನು ಅಭಿಷೇಕ ಮುಗಿಸಿದ ಮೂರ್ತಿಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಜ್ಜನ ಮುಂದೆ ಹಿಡಿದಳು. ಇದಕ್ಕೆ ಕಿವಿಯೇ ಇಲ್ಲ, ಬೇಕೆಂದೇ ಬಿಟ್ಟಿದ್ದಾರೆ ಎಂದಳು ಅವಳ ಅರ್ಧ ಮರಾಠಿ ಕನ್ನಡದಲ್ಲಿ. ಕಿವಿ ಇರಬೇಕಾದಲ್ಲಿ ಮೇಲೊಂದು ಕೆಳಗೊಂದು, ಎರಡು ಕಡೆ ಹೊಳಪಿಲ್ಲದ ನುಣುಪು ಗುರುತುಗಳಿದ್ದವು. ಅವುಗಳ ಮೇಲೆ ತನ್ನ ಹೆಬ್ಬೆರಳನ್ನೂ ನಡುಬೆರಳನ್ನೂ ಇಟ್ಟು ತೋರಿಸಿದಳು. ಬೆರಳು ಜಾರಬಾರದೆಂದು ಮಾಡಿದ ಉಪಾಯವಂತೆ. ಬೆರಳಗಣ್ಣು ಎಂದು ಅವಳೇ ಅದಕ್ಕೊಂದು ಹೆಸರನ್ನೂ ಇಟ್ಟಾಗಿತ್ತು.

"ಕಿತೀ ನಾಜೂಕ ಹಾತ ಬಘಾ, ಅಜ್ಜಾ," ಎಂದಳು. "ಇದನ್ನ ತಿಕ್ಕಿದಾಂವ ಭಾಳ ದೊಡ್ಡ ಕಾರಾಗೀರ ಇರಬೇಕು."

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಒಂದು ಮಾತು ಸಾಕಿತ್ತು. ಆದರೆ ತವನಪ್ಪನ ಕೈಯನ್ನು ಜನ್ಮದಲ್ಲಿ ಯಾರೂ ಹೊಗಳಿರಲಿಲ್ಲ. ಅವನ ಅಕ್ಷರಕ್ಕೆ ಕಾಗೆಕಾಲು ಎಂದಿದ್ದರು ಮಾಸ್ತರರು. ಅವನು ಕಟ್ಟಿದ ಅರಿಸಿನದ ಮೂಟೆ ರೈಲು ಹತ್ತುವ ಮೊದಲೇ ಬಿಚ್ಚುತ್ತದೆ ಎಂದಿದ್ದ ಅಪ್ಪ. ಅವನು ಹೊಡೆದ ಮೊಳೆಗೆ ತೂಗುಹಾಕಿದ ದೇವರ ಪಟ ಸ್ವತಃ ದೇವರ ಮರ್ಜಿಯಿಂದ ನಿಂತಿದೆ ಎನ್ನುತ್ತಿದ್ದಳು ತೀರಿಹೋದ ಹೆಂಡತಿ. ಎಪ್ಪತ್ತರ ಹತ್ತಿರಕ್ಕೆ ಬಂದ ಮೇಲೆ, ಬಡೋದೆಯಲ್ಲಿ ಕಲಿತ ಹುಡುಗಿಯೊಬ್ಬಳು ನಾಜೂಕು ಕೈ ಎಂದುಬಿಟ್ಟಳು. ಅವನ ಮೈ ಜುಮ್ ಎಂದಿತು. "ಇರಬಹುದು" ಎಂದುಬಿಟ್ಟ. ಅಲ್ಲಿ ಜಾರಿದ ಕಾಲು ಇನ್ನೂ ನೆಲ ಮುಟ್ಟಿಲ್ಲ.

ಯಾಕೆಂದರೆ ತಿಕ್ಕಿದವನು ಅವನೇ. ಅಪ್ಪ ಆದಪ್ಪ ಸಾಂಗಲಿಗೆ ಅರಿಸಿನ ಮಾರಲು ಹೋದವನು ಯಾವುದೋ ಮೈದಾನದಲ್ಲಿ ಯಾರದೋ ಭಾಷಣ ಕೇಳಿ, ಅದರ ಬಿಸಿ ಆರುವ ಮೊದಲೇ ಪಾಟರಿಯ ಅರ್ಧ ಡಜನ್ ಕಪ್ಪು ಕೊಂಡುಕೊಂಡು ಡಿಗ್ರಜಕ್ಕೆ ಬಂದಿದ್ದ. ಊರ ಹೊರಗಿನ ಕೇರಿಯಿಂದ ಸಗಣಿ ಬಾಚಲು, ಹೊಲಕ್ಕೆ ಹೋಗಲು ದಿನಾ ಬರುತ್ತಿದ್ದ ತುಳಸವ್ವನಿಗೆ ಅಲ್ಲಿಯವರೆಗೆ ಚಹಾ ತೆಂಗಿನ ಚಿಪ್ಪಿನಲ್ಲಿ. ಇನ್ನು ಮೇಲೆ ಚಿಪ್ಪು ಬೇಡ, ಆಕೆಯೂ ಮನುಷ್ಯಳೇ, ಕಪ್ಪಿನಲ್ಲೇ ಕೊಡಬೇಕು ಎಂದು ಆದಪ್ಪ ಅಂಗಳದಲ್ಲಿ ನಿಂತು ಸಾರಿದ. ಅವ್ವ ಮಾಣಿಕಬಾಯಿ ಗಂಡನಿಗೆ ಎದುರಾಡುವವಳಲ್ಲ. ಹೊತ್ತು ಮುಳುಗುವ ಮೊದಲೇ ಉಣ್ಣುವವಳು, ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಬಿಟ್ಟು ಬರುವವಳು, ಇರುವೆಯ ಸಾಲು ಕಂಡರೆ ಸೆರಗು ಎತ್ತಿ ಸುತ್ತುಹಾಕಿ ಹೋಗುವವಳು. ಅವಳು ಆರರಲ್ಲಿ ಒಂದು ಕಪ್ಪನ್ನು ತೆಗೆದು ಮಗನ ಕೈಗಿಟ್ಟು, "ಇದರ ಕಿವಿ ಮುರಕೊಂಡ ಬಾ. ಇಲ್ಲಾಂದ್ರ ನಮ್ಮ ಕಪ್ಪಿನಾಗ ಕೂಡತೈತಿ," ಎಂದಳು, ಅಷ್ಟೇ. ಹೀಗೆ ಸುಧಾರಣೆಯೂ ಆಯಿತು, ಮನೆಯ ರೀತಿಯೂ ಉಳಿಯಿತು. ಅವನು ಕುಟ್ಟಾಣಿಯಿಂದ ಒಂದು ಪೆಟ್ಟು ಕೊಟ್ಟ. ಕಿವಿ ಹಾರಿತು, ಎರಡು ಮುರಿದ ತುದಿ ಉಳಿದವು. ಮುಟ್ಟಿ ನೋಡಿದ, ಚೂಪಾಗಿದ್ದವು. ತುಳಸವ್ವನ ಬೆರಳು ಕೊಯ್ದೀತು ಎಂದು ಹುಡುಗನಿಗೆ ಅನಿಸಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮರಳು ಹಾಕಿ, ಮಧ್ಯಾಹ್ನವೆಲ್ಲ ಕೂತು, ಎರಡೂ ತುದಿಗಳನ್ನು ನುಣ್ಣಗಾಗುವವರೆಗೆ ತಿಕ್ಕಿದ. ಮುಂದೆ ಜೀವನದಲ್ಲಿ ನಾನು ಒಳ್ಳೆಯವನೋ ಅಲ್ಲವೋ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಅವನಿಗೆ ಆ ಮಧ್ಯಾಹ್ನ ನೆನಪಾಗುತ್ತಿತ್ತು, ಒಳ್ಳೆಯವನೇ ಎಂದು ಸಮಾಧಾನವಾಗುತ್ತಿತ್ತು. ತಿಕ್ಕಿದ್ದು ನೆನಪಿತ್ತು. ಮುರಿದದ್ದೂ ತಾನೇ ಎಂಬುದು ಈ ದೀಪಾವಳಿಯವರೆಗೆ ಲೆಕ್ಕಕ್ಕೇ ಬಂದಿರಲಿಲ್ಲ.

ಸುಳ್ಳು ಹೇಳಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಸುಳ್ಳು ಹೇಳಬಾರದೆಂದು ಅವನಿಗೊಂದು ವ್ರತವಿತ್ತು, ಹರಿಪುರಕ್ಕೆ ಬಂದ ಮುನಿಗಳ ಮುಂದೆ ತೆಗೆದುಕೊಂಡದ್ದು. ಅರಿಸಿನದ ಬಜಾರಿನಲ್ಲಿ ಅದಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಅಲ್ಲಿ ಹಿಂದಿನ ಕಾಲದಲ್ಲಿ ದರ ಬಾಯಿಂದ ಹೇಳುವ ರೂಢಿಯೇ ಇರಲಿಲ್ಲ. ವಸ್ತ್ರದ ಕೆಳಗೆ ಕೈ ಹಾಕಿ, ಎದುರಿನವನ ಬೆರಳು ಒತ್ತಿ, ಮುಖವನ್ನು ಮಾತ್ರ ಆಕಾಶದ ಕಡೆ ಇಟ್ಟುಕೊಳ್ಳುವುದು. ಹಾಗೆ ಬಾಯಿ ಮುಚ್ಚಿಕೊಂಡೇ ಮೂರು ಅಂತಸ್ತಿನ ಮನೆ ಕಟ್ಟಿದವನು ತವನಪ್ಪ. ಮೃಣಾಲ ಮೊಬೈಲನ್ನು ಅವನ ಮೂಗಿನ ಮುಂದೆ ಹಿಡಿದು ಆಗ ಚಹಾ ಹೇಗೆ ಕೊಡುತ್ತಿದ್ದರು ಎಂದು ಕೇಳಿದಾಗ, ಮೇಲಿಂದ ಸುರಿಯುತ್ತಿದ್ದರು ಎಂದ. ಅದು ನಿಜವೇ, ಅವ್ವನ ಪಾತ್ರೆ ತುಳಸವ್ವನ ಕಪ್ಪಿಗೆ ಎಂದೂ ತಾಗಿದ್ದಿಲ್ಲ. ಕುಡಿದ ಮೇಲೆ? ಕುಡಿದವರೇ ತೊಳೆದು ಇಡುತ್ತಿದ್ದರು. ಎಲ್ಲಿ? ಗೂಡಿನಲ್ಲಿ, ಬೋರಲಾಗಿ. ಎಲ್ಲವೂ ಸತ್ಯ. ಆದರೆ ಕಾಲು ಮುರಿದ ಸತ್ಯ ಎತ್ತ ಕುಂಟಿಕೊಂಡು ಹೋಗುತ್ತದೆಂದು ಯಾರಿಗೆ ಗೊತ್ತು? ವಾರದೊಳಗೆ ಹುಡುಗಿ ಅಷ್ಟನ್ನೂ ಕಾರ್ಯಕ್ರಮವಾಗಿ ಮಾಡಿಬಿಟ್ಟಳು. ಚಹಾವನ್ನು ಎತ್ತರದಿಂದ ಸುರಿಯುವುದು, ಅದು ಆಗಿನವರ ಆದರಾತಿಥ್ಯ. ಗಣ್ಯರೂ ಸಾಮಾನ್ಯರೂ ತಮ್ಮ ತಮ್ಮ ಕಪ್ಪನ್ನು ತಾವೇ ತೊಳೆಯುವುದು, ಅದು ಶ್ರಮದ ಗೌರವ. ಆಮೇಲೆ ಶೆಡ್ಡಿನ ಉದ್ದದ ಗೋಡೆಯಲ್ಲಿ ಕೊರೆಸಿದ ನೂರು ಗೂಡುಗಳಲ್ಲಿ ನೂರು ಕಪ್ಪನ್ನು ಬೋರಲು ಹಾಕುವುದು, ಅದು ಕಲೆ.

ಅವನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಕಪ್ಪುಗಳಿಗೆ ಕಿವಿ ಹಚ್ಚು, ಮುದುಕರ ಕೈ ಸುಡುತ್ತದೆ ಎಂದು ಮೊಮ್ಮಗಳಿಗೆ ಹೇಳಿದ. ಒರಿಜಿನಲ್‌ಗೆ ಕಿವಿ ಇಲ್ಲವಲ್ಲ ಎಂದು ಅವಳು ನಕ್ಕಳು. ಕನಿಷ್ಠ ಬಸಿಯನ್ನಾದರೂ ಕೊಡು ಎಂದ. ಗೂಡಿನಲ್ಲಿ ಬಸಿ ಇತ್ತೇ ಎಂದಳು. ಇರಲಿಲ್ಲ. ನಿಜ ಹೇಳಿಬಿಡೋಣ ಎಂದು ಒಂದು ಸಂಜೆ ಶೆಡ್ಡಿಗೇ ಹೋದ. ಅವಳು ಮೊಣಕೈಯವರೆಗೆ ಮಣ್ಣು ಮೆತ್ತಿಕೊಂಡು ಬೆರಳಗಣ್ಣು ತಿಕ್ಕುತ್ತಿದ್ದಳು, ಅವನು ಕಲ್ಲಿನ ಮೇಲೆ ತಿಕ್ಕಿದ ಹಾಗೆಯೇ, ನಾಲಗೆಯ ತುದಿ ಹೊರಗೆ ಹಾಕಿಕೊಂಡು. ಅಜ್ಜನನ್ನು ಕಂಡು ಅವಳ ಮುಖ ಅರಳಿತು. ಆ ಮನೆಯಲ್ಲಿ ಅವನು ಬಂದರೆ ಅರಳುವ ಮುಖ ಅದೊಂದೇ. ಮಗನಿಗೆ ಬಜಾರಿನ ದರ, ಸೊಸೆಗೆ ಸೀರಿಯಲ್ಲು. ಈ ಹುಡುಗಿಯೊಬ್ಬಳು ಅವನ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವಷ್ಟು ಬೆಲೆಯುಳ್ಳದ್ದೆಂದು ತಿಳಿದವಳು. ನಿಮ್ಮಜ್ಜ ಮುರಿದ ಕಪ್ಪು ಅದು, ಕೇರಿಯವಳಿಗೆಂದು ಮುರಿದದ್ದು ಎಂದು ಹೇಳಿದ ಮೇಲೆ ಆ ಮುಖ ಮತ್ತೆ ಅರಳೀತೇ? ಊಟಕ್ಕೆ ಬೇಗ ಬಾ ಎಂದು ಹೇಳಿ ತಿರುಗಿ ಬಂದ.

ಗುರುಪಾದನಿಗೆ ಮಾತ್ರ ಒಮ್ಮೆ ಎಲ್ಲವನ್ನೂ ಹೇಳಿದ. ಗುರುಪಾದ ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಮತ್ತೆ ಗಾದಿಯ ಮೇಲೆ ಕೂತ. ಆಮೇಲೆ, "ನಮ್ಮ ಮನ್ಯಾಗೂ ಇತ್ತಲ್ಲೋ," ಎಂದ. "ಎಲ್ಲಾರ ಮನ್ಯಾಗೂ ಇತ್ತು. ನಮ್ದು ಒಡದ್ ಹೋತು, ಪುಣ್ಯಾ. ನಿಂದು ಉಳೀತು, ನಿನ್ನ ಹಣೇಬಾರ. ಈಗ ಆ ಹುಡುಗೀ ಮುಂದ ಬಾಯಿ ಬಿಡಬ್ಯಾಡ." ಅಲ್ಲದೆ ಆಮಂತ್ರಣ ಪತ್ರಿಕೆ ಅಚ್ಚಾಗಿದೆ, ಅದರಲ್ಲಿ ಅಧ್ಯಕ್ಷನ ಫೋಟೋ ಇದೆ, ಅದೂ ಬಣ್ಣದ್ದು. ಈ ಕೊನೆಯ ಮಾತನ್ನು ಅವನು ಆಡಲಿಲ್ಲ, ಆದರೆ ಪತ್ರಿಕೆಯನ್ನು ತವನಪ್ಪನ ತೊಡೆಯ ಮೇಲೆ ಇಟ್ಟ.

ಎಲ್ಲವೂ ಹೀಗೆ ಮಣ್ಣಲ್ಲಿ ಮಣ್ಣಾಗಿ ಹೋಗುತ್ತಿತ್ತೇನೋ, ಆದರೆ ತುಳಸವ್ವ ಬದುಕಿದ್ದಳು. ಡಿಗ್ರಜದ ಕೊಟ್ಟಿಗೆ ಬಿಟ್ಟು ಒಂದು ದಿನ ಹೇಳದೆ ಕೇಳದೆ ಪಾಟರಿಗೆ ಹೋಗಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಅವಳಿಗೆ ಕೊಟ್ಟ ಕೆಲಸವೇನು ಅಂದರೆ ಕಪ್ಪಿಗೆ ಕಿವಿ ಹಚ್ಚುವುದು. ಉಳಿದಿರುವ ಕಾಮಗಾರರಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ ಎಂದು ಪತ್ತೆಯಾಗಿ, ಡಿಗ್ರಜದ ಪರಿಚಯದವಳೆಂದು ಅವಳನ್ನು ಕರೆಯುವ ಕೆಲಸ ತವನಪ್ಪನ ಕೊರಳಿಗೇ ಬಿತ್ತು. ಮಿರಜದ ಸ್ಟೇಷನ್ನಿನ ಹಿಂದೆ, ರೈಲ್ವೆಯಲ್ಲಿರುವ ಮಗನ ಮನೆಯಲ್ಲಿ, ಅವಳು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದರು. ಆ ಕನ್ನಡಕ ಕಂಡು, ಇವಳಿಗೆ ಕಪ್ಪಿನ ಗುರುತು ಸಿಗಲಾರದೆಂದು, ತವನಪ್ಪನ ಎದೆ ಎಷ್ಟು ಹಗುರಾಯಿತೆಂದರೆ ಅದಕ್ಕಾಗಿ ಆಮೇಲೆ ಬಸದಿಯಲ್ಲಿ ಹೆಚ್ಚಿಗೆ ಒಂದು ಜಪಮಾಲೆ ತಿರುಗಿಸಬೇಕಾಯಿತು. ಕಣ್ಣು ಹೇಗಿದೆ ಎಂದು ಕೇಳಿದ. "ಭಾಳ ಚಲೋ ಆಗ್ಯಾವ್ರಿ, ಸಣ್ಣ ಸಾವಕಾರ್ರ," ಎಂದಳು ತುಳಸವ್ವ. "ಈಗ ಇರುವೀ ಕಾಲು ಸೈತ ಎಣಸ್ತೇನಿ." ಬರಬೇಡ ಎನ್ನಲು ಹೋದವನು, ಬರಬೇಕು ಎಂದು ಹೇಳಿದ. ತುಳಸವ್ವ ಸೊಸೆಯನ್ನು ಕರೆದು ಚಹಾ ಇಡಲು ಹೇಳಿದಳು. ಆಗ ಅವನ ನಾಲಗೆ, ಅವನನ್ನು ಕೇಳದೆಯೇ, "ಇವತ್ತ ನಂದು ಉಪವಾಸ" ಎಂದುಬಿಟ್ಟಿತು. ಅವತ್ತು ಅಷ್ಟಮಿಯೂ ಅಲ್ಲ, ಚತುರ್ದಶಿಯೂ ಅಲ್ಲ. ಹೊರಡುವ ಮೊದಲು ಎರಡು ಥಾಲಿಪೀಟ ತಿಂದು ಬಂದಿದ್ದ. ಅವನಿಗೆ ಅಂಥ ಭೇದ ಯಾವುದೂ ಇರಲಿಲ್ಲ. ಸಾಂಗಲಿಯ ಹೋಟೆಲಿನಲ್ಲಿ ಯಾರು ಕೊಟ್ಟ ಚಹಾವನ್ನೂ ಕುಡಿಯುತ್ತಿದ್ದ. ಆದರೆ ಆ ಮಾತು ಎಲ್ಲಿ ಕೂತಿತ್ತು, ಯಾವ ಗೂಡಿನಲ್ಲಿ, ಅಷ್ಟು ತಯಾರಾಗಿ? ತುಳಸವ್ವ, ಆಗಲಿ ಬಿಡ್ರಿ ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು. ರಿಕ್ಷಾದಲ್ಲಿ ಮನೆಯವರೆಗೆ ನಾಚಿಕೆಯಾಗುತ್ತಲೇ ಇತ್ತು, ಮನೆಗೆ ಬಂದು ಉಂಡ ಮೇಲೂ ಆಯಿತು.

ಇವತ್ತು ಪಾಟರಿಯ ಅಂಗಳಕ್ಕೆ ಅವನು ಹೋಗಿ ಮುಟ್ಟಿದಾಗ ಮಂಟಪ ತುಂಬಿತ್ತು. ಡಾಕ್ಟರರು, ವಕೀಲರು, ಸಿತಾರ ಮಾಡುವ ಮಿರಜದ ಮನೆತನದವರು, ಒಣದ್ರಾಕ್ಷಿಯ ವ್ಯಾಪಾರಿಗಳು, ಹೆಂಡಂದಿರು. ಹಿಂದಿನ ಸಾಲಿನಲ್ಲಿ ಹಳೆಯ ಕಾಮಗಾರರು. ಮೊದಲ ಸಾಲಿನಲ್ಲಿ ಅವನಿಗೊಂದು ಕುರ್ಚಿ. ಅಧ್ಯಕ್ಷ ಗುರುಪಾದ ರೇಷ್ಮೆಯ ರುಮಾಲು ಸುತ್ತಿಕೊಂಡು, ಕಿವಿ ಎಂಬುದು ಪಾಶ್ಚಾತ್ಯರ ಚಾಳಿ, ಕಪ್ಪನ್ನು ಪೂರ್ತಿ ಕೈಯಿಂದ ಅಪ್ಪಿಕೊಳ್ಳುವುದೇ ನಮ್ಮ ಸಂಸ್ಕೃತಿ ಎಂದು ಮರಾಠಿಯಲ್ಲಿ ಭಾಷಣ ಮಾಡಿದ. ಮಾಡುವಾಗ ತವನಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ. ಆಮೇಲೆ ಮೃಣಾಲಳ ಗೆಳತಿಯರು ಉದ್ದ ಕೊಕ್ಕಿನ ಕಿಟಲಿಗಳನ್ನು ಹೆಗಲಿಗಿಂತ ಮೇಲೆ ಎತ್ತಿ ಸುರಿಯುತ್ತಾ ಬಂದರು. ಚಹಾ ಕಪ್ಪಿಗೂ ಬಿತ್ತು, ಡಾಕ್ಟರರ ಪ್ಯಾಂಟಿಗೂ ಬಿತ್ತು. ಎಲ್ಲರೂ ಸಂಸ್ಕೃತಿಯನ್ನು ಅಪ್ಪಿಕೊಂಡರು, ಒಡನೆಯೇ ಬಿಟ್ಟರು. ಹಾ, ಹೂ ಎಂಬ ಸದ್ದು ಮಂಟಪದಲ್ಲಿ ಎದ್ದಿತು. ಕಪ್ಪು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಹೆಂಡತಿಯ ಕೈಗೆ. ಬಸಿ ಇಲ್ಲದೆ ಚಹಾ ಕುಡಿದು ಗೊತ್ತಿಲ್ಲದ ಜನ. ಕೊನೆಗೆ ಒಬ್ಬೊಬ್ಬರಾಗಿ ದಾರಿ ಕಂಡುಕೊಂಡರು: ಹೆಂಗಸರು ಸೆರಗಿನ ತುದಿ ಅಂಗೈಗೆ ಸುತ್ತಿಕೊಂಡು, ಗಂಡಸರು ಕರವಸ್ತ್ರ, ಶಾಲು, ಟೋಪಿ, ಕೈಗೆ ಸಿಕ್ಕದ್ದನ್ನು ಸುತ್ತಿಕೊಂಡು, ಅಂಚಿನ ಎರಡು ಕಡೆ ಬೆರಳ ತುದಿಯಿಂದ ಹಿಡಿದು, ತಲೆ ತಗ್ಗಿಸಿ, ಊದಿ ಊದಿ ಕುಡಿಯತೊಡಗಿದರು. ತವನಪ್ಪ ತಿರುಗಿ ನೋಡಿದ. ಕೊಟ್ಟಿಗೆಯ ಕಟ್ಟೆಯ ಕೆಳಗೆ ಕೂತು ತುಳಸವ್ವ ಕುಡಿಯುತ್ತಿದ್ದದ್ದು ಸರಿಯಾಗಿ ಹೀಗೆಯೇ. ಸಾಂಗಲಿಯ ಅಷ್ಟೂ ದೊಡ್ಡ ಮನುಷ್ಯರ ಬೆನ್ನು ಅವಳ ಬೆನ್ನಿನಂತೆ ಬಾಗಿತ್ತು. ಅವನಿಗೆ ನಗು ಬಂದಿತು. ಅದನ್ನು ನುಂಗಲು ಹೋಗಿ ಕೆಮ್ಮು ಬಂದಿತು, ಕಣ್ಣಲ್ಲಿ ನೀರೂ ಬಂದಿತು, ಪಕ್ಕದ ಒಣದ್ರಾಕ್ಷಿಯವರು ಬೆನ್ನು ತಟ್ಟಿದರು.

ಅಷ್ಟರಲ್ಲಿ ವೇದಿಕೆಯ ಮೇಲೆ ಮೃಣಾಲ ತುಳಸವ್ವನನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಹಸಿರು ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಕನ್ನಡಕವಿಲ್ಲದ ತೊಳೆದಂಥ ಕಣ್ಣುಗಳು. ಇವರು ನಮ್ಮ ಪಾಟರಿಯ ಅತ್ಯಂತ ಹಿರಿಯ ಕಾಮಗಾರರು ಎಂದಳು ಮೃಣಾಲ. ಆದ್ದರಿಂದ ದೊಡ್ಡ ಮಾನ ಇವರದು. ನೂರು ಕಪ್ಪುಗಳಿಗೆ ತಾಯಿಯಾದ ಒರಿಜಿನಲ್ ಕಪ್ಪಿನಲ್ಲೇ ಇವರು ಚಹಾ ಕುಡಿಯುತ್ತಾರೆ ಎಂದಳು. ಇದನ್ನು ಅವಳು ಅಜ್ಜನಿಗೂ ಹೇಳದೆ ಗುಟ್ಟಾಗಿ ಇಟ್ಟಿದ್ದಳು, ಅಜ್ಜನಿಗೆ ಖುಷಿಯಾಗಲೆಂದು. ಕೆಂಪು ಮಖಮಲ್ಲಿನ ಮೇಲೆ ಅದು ಬಂದಿತು. ಮೊದಲೇ ತುಂಬಿಟ್ಟಿದ್ದರು, ಹಬೆ ಏಳುತ್ತಿತ್ತು. ತುಳಸವ್ವ ಕಪ್ಪನ್ನು ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಸಿಕ್ಕಾಗ ನೋಡುವಂತೆ ಮೊದಲು ಸುಮ್ಮನೆ ನೋಡಿದಳು. ಆಮೇಲೆ ಕಣ್ಣೆತ್ತಿ ಮೊದಲ ಸಾಲಿನಲ್ಲಿ ತವನಪ್ಪನನ್ನು ಹುಡುಕಿ, ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಕೂತಲ್ಲೇ ಕೂತಿರುತ್ತಿದ್ದನೇನೋ, ಸಿಟ್ಟಿಗೆ ಅಂಜುವ ಪ್ರಾಣಿ ಅವನು. ಆದರೆ ಅವಳ ಎಡಗೈ, ಅವಳಿಗೇ ತಿಳಿಯದಂತೆ, ಸೆರಗಿನ ತುದಿಯನ್ನು ಎಳೆದು ಅಂಗೈಗೆ ಸುತ್ತಿಕೊಳ್ಳತೊಡಗಿತ್ತು. ಎಷ್ಟೋ ಸಾವಿರ ಕಪ್ಪುಗಳಿಗೆ ಕಿವಿ ಹಚ್ಚಿದ ಕೈ ಅದು. ಎಂಬತ್ತು ದಾಟಿದ ಮೇಲೂ ಅದಕ್ಕೆ ಆ ಕೊಟ್ಟಿಗೆ ನೆನಪಿತ್ತು. ತವನಪ್ಪನಿಗೆ ತಡೆಯಲಾಗಲಿಲ್ಲ.

ಅವನು ಎದ್ದದ್ದು, ವೇದಿಕೆಯ ಮೆಟ್ಟಿಲು ಹತ್ತಿದ್ದು ಅವನಿಗೇ ಗೊತ್ತಾಗಲಿಲ್ಲ. ಮೈಕಿನ ಮುಂದೆ ನಿಂತ. ಅಲ್ಲಿ ಹೇಳಬೇಕಾದ ಮಾತು ಗಂಟಲವರೆಗೆ ಬಂದು, ವಸ್ತ್ರದ ಕೆಳಗಿನ ವ್ಯಾಪಾರದ ಚಾಳಿಗೆ ಬಿದ್ದ ಬಾಯಿಯನ್ನು ಕಂಡು, ಹಾಗೇ ಹಿಂದಿರುಗಿತು. ಮಾತು ಕೈಕೊಟ್ಟಾಗ ಮನುಷ್ಯ ಏನು ಮಾಡಬೇಕು? ಅವನು ಮಖಮಲ್ಲಿನ ಮೇಲಿಂದ ಕಪ್ಪನ್ನು ಕಿತ್ತುಕೊಂಡು ಚಹಾವನ್ನು ತಾನೇ ಕುಡಿಯತೊಡಗಿದ. ಬೆರಳು ಸುಟ್ಟಿತು, ತುಟಿ ಸುಟ್ಟಿತು. ಬಿಡಲಿಲ್ಲ. ಮಂಟಪ ಹೋ ಎಂದು ನಕ್ಕಿತು. ನಮ್ಮ ತವನಪ್ಪನಿಗೆ ಚಹಾದ ಚಟ ಬಹಳ ಎಂದು ಗುರುಪಾದ ಮೈಕಿನಲ್ಲಿ ಸುಧಾರಿಸಲು ನೋಡಿದ, ನಗು ಇಮ್ಮಡಿಯಾಯಿತು. ಮಗ ತಲೆ ತಗ್ಗಿಸಿದ. ಸೊಸೆ, ಇದನ್ನು ಮೊದಲೇ ಹೇಳಿದ್ದೆ ಎಂಬ ಮುಖ ಮಾಡಿದಳು. ಮುದುಕನಿಗೆ ಅರಳು ಮರಳು ಎಂದು ಯಾರೋ ಮರಾಠಿಯಲ್ಲಿ ಅಂದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೃಣಾಲಳ ಮುಖ ಕೆಂಪಾಗಿತ್ತು.

"ಅಜ್ಜಾ, ಹೇ ಕಾಯ? ಅದು ತುಳಸವ್ವಾಜಿಗೆ ಇತ್ತು," ಎಂದಳು, ಅಳು ಬರುವಂಥ ದನಿಯಲ್ಲಿ.

"ಕುಡೀಲಿ ಬಿಡವ್ವಾ," ಎಂದಳು ತುಳಸವ್ವ. ಅಂಗೈಗೆ ಸುತ್ತಿದ್ದ ಸೆರಗನ್ನು ಬಿಚ್ಚಿ ಮಡಿಲಲ್ಲಿ ಸರಿಮಾಡಿಕೊಂಡಳು. "ಅದು ಅವ್ರ ಮನೀದೈತಿ. ನನಗ ಕಿವಿ ಇರೂದು ಯಾವದರ ಇದ್ರ ತಾ."

ಕಿವಿ ಹಚ್ಚುವವಳು ಕಿವಿ ಕೇಳಿದಳೆಂದು ಜನ ಚಪ್ಪಾಳೆ ತಟ್ಟಿದರು. ಈಗ ಕಿವಿಯ ಶೋಧ ಶುರುವಾಯಿತು. ಪಾಟರಿಯ ಅಷ್ಟು ದೊಡ್ಡ ಅಂಗಳದಲ್ಲಿ ಕಿವಿಯಿರುವ ಕಪ್ಪು ಒಂದೂ ಇರಲಿಲ್ಲ. ಗೇಟಿನ ಹೊರಗಿನ ಚಹಾದ ಗಾಡಿಯವನಲ್ಲಿ ಕಾಗದದ್ದಿದ್ದವು. ಕೊನೆಗೆ ವಾಚಮನ್ನನ ಕೋಣೆಯಲ್ಲಿ, ಹಲ್ಲುಜ್ಜುವ ಬ್ರಶ್ಶುಗಳನ್ನು ತೆಗೆದು ಬದಿಗಿಟ್ಟು, ಹ್ಯಾಪಿ ಬರ್ತ್‌ಡೇ ಎಂದು ಬರೆದ ಹಳದಿ ಮಗ್ಗೊಂದನ್ನು ತಂದರು. ಅದರ ಕಿವಿಯಲ್ಲಿ ನಾಲ್ಕೂ ಬೆರಳು ಹಿಡಿಸುತ್ತಿದ್ದವು. ತುಳಸವ್ವ ಕುರ್ಚಿಗೆ ಬೆನ್ನು ಆನಿಸಿ, ಕಾಲಮೇಲೆ ಕಾಲು ಹಾಕಿ, ಸಾವಕಾಶವಾಗಿ ಕುಡಿದಳು. ಕುಡಿಯುತ್ತಲೇ, ಮೃಣಾಲ ಕೇಳಿದ್ದಕ್ಕೆ, ತಾವು ಕಿವಿ ಹಚ್ಚುವವರು ಕೂಲಿಗಾಗಿ ಎಂಟು ದಿನ ಕೆಲಸ ನಿಲ್ಲಿಸಿದ್ದನ್ನೂ, ಕಿವಿಯಿಲ್ಲದ ಕಪ್ಪುಗಳು ಕೋಣೆ ತುಂಬ ಪೇರಿಕೊಂಡು ನಿಂತಾಗ ಮ್ಯಾನೇಜರು ತಾವೇ ಬಂದು ಕೈಮುಗಿದದ್ದನ್ನೂ ಹೇಳಿ ಹಿಂದಿನ ಸಾಲಿನವರನ್ನು ನಗಿಸಿದಳು. ಬೆರಳಗಣ್ಣಿನ ಬಗ್ಗೆ ಮೃಣಾಲ ಕೇಳಿದಾಗ ಮಾತ್ರ, ಕಿವಿ ಹಚ್ಚುವ ನಮ್ಮ ಖಾತೆಯಿಂದ ಕಿವಿಯಿಲ್ಲದ ಕಪ್ಪು ಒಂದೂ ಹೊರಗೆ ಹೋಗಿಲ್ಲವ್ವ ಎಂದು ಹೇಳಿ ಮಗ್ಗು ಕೆಳಗಿಟ್ಟಳು. ಮೃಣಾಲ ಅಜ್ಜನ ಕೈಯಲ್ಲಿದ್ದ ಕಪ್ಪಿನ ಕಡೆ ತಿರುಗಿ ನೋಡಿದಳು.

ಆಮೇಲೆ ಶ್ರಮದ ಗೌರವ. ಹೊರಗೆ ಸಾಲಾಗಿ ನಳಗಳನ್ನು ಹಾಕಿಸಿದ್ದರು. ಊರ ದೊಡ್ಡವರೆಲ್ಲ ತೋಳು ಮಡಚಿ, ಫೋಟೋದವನು ಬರುವವರೆಗೆ ಕಾದು, ಕಪ್ಪು ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಬರುತ್ತಿದ್ದರು. ತವನಪ್ಪ ಕೊನೆಯ ನಳದ ಹತ್ತಿರ ನಿಂತ. ತುಟಿ ಉರಿಯುತ್ತಿತ್ತು. ಜನ ಅವನನ್ನು ನೋಡಿ ಮುಗುಳುನಗುತ್ತಾ ದಾರಿ ಬಿಟ್ಟುಕೊಡುತ್ತಿದ್ದರು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಅವನಿಗೆ ಒಳಗೊಳಗೇ ಹಗುರೆನಿಸಿತು. ಹುಚ್ಚ ಅನ್ನಿಸಿಕೊಂಡದ್ದು ಅಗ್ಗದಲ್ಲೇ ಆಯಿತು. ಮಾತನ್ನೂ ಆಡಲಿಲ್ಲ, ಅವಳೂ ಅದರಲ್ಲಿ ಕುಡಿಯಲಿಲ್ಲ, ಹುಡುಗಿಗೂ ಪೂರ್ತಿ ತಿಳಿಯಲಿಲ್ಲ. ನೀರು ಬಿಟ್ಟು ಕಪ್ಪಿನೊಳಗೆ ಎರಡು ಬೆರಳು ತಿರುಗಿಸಿದ, ಅಂಚು ತೊಳೆದ, ನೀರು ಜಾಡಿಸಿ ಹೊರಟ. ಹಿಂದೆ ಮೃಣಾಲಳ ಕೈಹಿಡಿದುಕೊಂಡು ತುಳಸವ್ವ ನಿಂತಿದ್ದಳು, ಇನ್ನೊಂದು ಕೈಯಲ್ಲಿ ಹಳದಿ ಮಗ್ಗು.

"ತಳಾನೂ ತೊಳೀರಿ, ಸಣ್ಣ ಸಾವಕಾರ್ರ," ಎಂದಳು. "ಅವ್ವಾರು ತಳಾ ನೋಡ್ತಿದ್ರು."

ದನಿ ಮೆಲ್ಲಗಿತ್ತು, ಕೆಲಸ ಕಲಿಸುವವರ ದನಿ. ಮೃಣಾಲ ತುಳಸವ್ವನನ್ನು ನೋಡಿದಳು, ಅಜ್ಜನನ್ನು ನೋಡಿದಳು.

"ಯಾವ ಅವ್ವಾರು?"

ತುಳಸವ್ವ, ಅದು ತನ್ನ ಕೆಲಸವಲ್ಲ ಎಂಬಂತೆ ನಳದ ಕಡೆ ನೋಡುತ್ತಾ ನಿಂತಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಗುರುಪಾದ, ಲಗೂನ ಮುಗಿಸೋ ಮಾರಾಯ ಎಂದ. ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ನಮ್ಮವ್ವ," ಎಂದ ತವನಪ್ಪ.

ಮೊಮ್ಮಗಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ನಳದ ಕೆಳಗೆ ಕಪ್ಪನ್ನು ಬೋರಲು ಹಿಡಿದು, ಹೆಬ್ಬೆರಳಿನಿಂದ ತಳವನ್ನು ತಿಕ್ಕಿ ತಿಕ್ಕಿ ತೊಳೆದು, ಎತ್ತಿ ತೋರಿಸಿದ. ತುಳಸವ್ವ ಬಗ್ಗಿ ನೋಡಿದಳು.

"ಇನ್ನೊಮ್ಮೆ," ಎಂದಳು.